ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾದಾಗ

ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವಾಗ, ಸುಗ್ಗಿಯಲ್ಲಿ ಕೊನೆ ಇಳಿಸುವಾಗ ಅಡಿಕೆ ಮರದಿಂದ ಬೀಳುವುದು ಮಲೆನಾಡು ಮತ್ತು ಕರಾವಳಿಯ ರೈತರಿಗೆ ಹೊಸ ಸಂಗತಿಯಲ್ಲ. ಕೊಳೆರೋಗದ ಬಗ್ಗೆ ನಾನು ಹಲವು ಸಲ ಬರೆದಿದ್ದೇನೆ. ಸಿಂಪಡಿಸುವವನ ಬೆನ್ನಿನ ಬಗ್ಗೆ ಒಂದು ಸಾಲನ್ನೂ ಬರೆದಿರಲಿಲ್ಲ. ನಮ್ಮ ತೋಟಕ್ಕೆ ಬರುತ್ತಿದ್ದ ಕೊನೆಗಾರರೊಬ್ಬರು ಹನ್ನೊಂದು ವರ್ಷಗಳ ಹಿಂದೆ ಎರಡನೆಯ ಸಿಂಪರಣೆಯ ದಿನ ಬಿದ್ದರು. ಅಂದಿನಿಂದ ಅವರ ಮನೆಯಲ್ಲಿ ಕಂಡದ್ದು, ವೈದ್ಯರಿಂದ ಕೇಳಿ ತಿಳಿದದ್ದು ಇಲ್ಲಿದೆ.

ಬೆನ್ನೆಲುಬು ಎಂದರೆ ಒಂದರ ಮೇಲೊಂದು ಕುಳಿತ ಮೂಳೆಯ ಮಣಿಗಳ ಸಾಲು. ಅದರ ನಡುವಣ ಕೊಳವೆಯಲ್ಲಿ ಮಿದುಳಿನಿಂದ ಇಳಿದು ಬರುವ ನರಗಳ ಹುರಿಯೇ ಬೆನ್ನುಹುರಿ. ಇದರಿಂದ 31 ಜೊತೆ ನರಗಳು ಕವಲೊಡೆಯುತ್ತವೆ. ಕಾಲುವೆ ಮೇಲೆ ಒಡೆದರೆ ಕೆಳಗಿನ ಗದ್ದೆಗಳಿಗೆಲ್ಲ ನೀರು ತಪ್ಪುವಂತೆ, ಪೆಟ್ಟಾದ ಜಾಗದಿಂದ ಕೆಳಗಿನ ಚಲನೆ, ಸ್ಪರ್ಶ, ಮಲಮೂತ್ರದ ಹಿಡಿತ ಎಲ್ಲವೂ ತಪ್ಪುತ್ತವೆ. ಕುತ್ತಿಗೆಯಲ್ಲಾದರೆ ಕೈಕಾಲುಗಳೆರಡೂ, ಎದೆ ಅಥವಾ ಸೊಂಟದ ಮೇಲ್ಭಾಗದಲ್ಲಾದರೆ ಕಾಲುಗಳು ಸೋಲುತ್ತವೆ.

ಬಿದ್ದ ಕೂಡಲೆ

ಬಿದ್ದವರನ್ನು ಎಬ್ಬಿಸಿ ಕೂರಿಸುವುದು, ನೀರು ಕುಡಿಸುವುದು, ತೋಳು ಮತ್ತು ಕಾಲು ಹಿಡಿದು ಎತ್ತುವುದು ನಮ್ಮಲ್ಲಿ ರೂಢಿ. ಇದು ಸಲ್ಲದು. ಮುರಿದ ಮಣಿ ಜರುಗಿ, ಉಳಿದಿದ್ದ ನರವನ್ನೂ ಜಜ್ಜಬಹುದು. ಉಸಿರಾಟ ಸರಿಯಿದ್ದರೆ ಅವರನ್ನು ಇದ್ದಲ್ಲೇ ಬಿಟ್ಟು 108ಕ್ಕೆ ಕರೆಮಾಡಬೇಕು. ವಾಹನ ಬಾರದ ತೋಟವಾದರೆ ನಾಲ್ಕು ಜನ ಸೇರಿ, ತಲೆ ಕುತ್ತಿಗೆ ಬೆನ್ನು ಒಂದೇ ಗೆರೆಯಲ್ಲಿರುವಂತೆ ಮರದ ದಿಮ್ಮಿಯನ್ನು ಹೊರಳಿಸಿದಂತೆ ಒಟ್ಟಿಗೇ ಹೊರಳಿಸಿ, ಬಾಗಿಲ ಹಲಗೆಯ ಮೇಲೆ ಮಲಗಿಸಿ ಸಂಕ ದಾಟಿಸಬೇಕು. ನಮ್ಮ ಕೊನೆಗಾರರನ್ನು ಜೀಪಿನಲ್ಲಿ ಕೂರಿಸಿಕೊಂಡು ಹೋದೆವು. ಆ ಜೀಪಿನಲ್ಲಿ ನಾನೂ ಇದ್ದೆ.

ಶಸ್ತ್ರಚಿಕಿತ್ಸೆಯಲ್ಲಿ ತಿರುಪು, ಸಲಾಕೆ ಹಾಕಿ ಮೂಳೆಯನ್ನು ನಿಲ್ಲಿಸುತ್ತಾರೆ, ಹುರಿಯ ಮೇಲಿನ ಒತ್ತಡ ತೆಗೆಯುತ್ತಾರೆ. ಹರಿದ ನರವನ್ನು ಅದು ಬೆಸೆಯುವುದಿಲ್ಲ. ಕೈಕಾಲಿನ ನರ ಕಡಿದರೆ ನಿಧಾನವಾಗಿಯಾದರೂ ಚಿಗುರುವುದುಂಟು. ಬೆನ್ನುಹುರಿಯೊಳಗಿನ ನರಕ್ಕೆ ಆ ಗುಣವಿಲ್ಲ.

ಎಷ್ಟು ಮರಳಿ ಬರಬಹುದು?

ಇದು ಹುರಿ ಪೂರ್ತಿ ಕೆಟ್ಟಿದೆಯೋ, ಕೆಲವು ಎಳೆಗಳು ಉಳಿದಿವೆಯೋ ಎಂಬುದನ್ನು ಅವಲಂಬಿಸಿದೆ. ಗುದದ್ವಾರದ ಸುತ್ತ ಸ್ಪರ್ಶ ತಿಳಿಯುತ್ತಿದೆಯೇ ಎಂದು ವೈದ್ಯರು ಪರೀಕ್ಷಿಸುವುದು ಇದಕ್ಕಾಗಿಯೇ; ತಿಳಿಯುತ್ತಿದ್ದರೆ ಆಶೆ ಹೆಚ್ಚು. ಬರುವ ಚೇತರಿಕೆಯ ಬಹುಪಾಲು ಮೊದಲ ಆರು ತಿಂಗಳಲ್ಲೇ ಬರುತ್ತದೆ, ಉಳಿದದ್ದು ಒಂದೆರಡು ವರ್ಷಗಳಲ್ಲಿ ನಿಧಾನವಾಗಿ. ಕೆಲವು ವಾರಗಳ ನಂತರ ಕಾಲು ತಾನಾಗಿ ಸೆಟೆದು ಜಿಗಿಯತೊಡಗುತ್ತದೆ. ಮನೆಯವರು ಕಾಲಿಗೆ ಜೀವ ಬಂತೆಂದು ಹರಕೆ ತೀರಿಸಲು ಹೊರಡುತ್ತಾರೆ. ಅದು ಮಿದುಳಿನ ಹಿಡಿತ ತಪ್ಪಿದ ಸ್ನಾಯುವಿನ ಸೆಳೆತವಷ್ಟೆ. ಈ ಸೆಳೆತ ಒಮ್ಮೆಲೇ ಹೆಚ್ಚಿದರೆ ಮೂತ್ರದ ಸೋಂಕು ಅಥವಾ ಹುಣ್ಣು ಇದೆಯೇ ಎಂದು ನೋಡತಕ್ಕದ್ದು.

ನಡೆಸಿಕೊಡುತ್ತೇವೆಂದು ಹೇಳುವವರು ಹಲವರು ಬರುತ್ತಾರೆ. ನಮ್ಮ ಕೊನೆಗಾರರ ಮನೆಯವರು ಮೊದಲು ಎಣ್ಣೆ ತಿಕ್ಕಿಸಿದರು. ಬಳಿಕ ಕಾಂಡಕೋಶದ ಚುಚ್ಚುಮದ್ದಿಗೆಂದು ಅರ್ಧ ಎಕರೆ ತೋಟ ಮಾರಿದರು. ಆ ಹಣ ಹೊಂದಿಸಲು ಓಡಾಡಿದವರಲ್ಲಿ ನಾನೂ ಒಬ್ಬ. ಫಲ ಕಾಣಲಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯ ಪ್ರಕಾರ ಬೆನ್ನುಹುರಿಯ ಪೆಟ್ಟಿಗೆ ಕಾಂಡಕೋಶ ಬಳಸುವುದು ಅನುಮೋದಿತ ಪ್ರಯೋಗದಲ್ಲಿ ಮಾತ್ರ, ಹಣ ಪಡೆದು ಮಾಡುವ ಚಿಕಿತ್ಸೆಯಾಗಿ ಅಲ್ಲ. ಸ್ವಿಟ್ಜರ್ಲೆಂಡಿನ ಸಂಶೋಧಕರು 2023ರಲ್ಲಿ ಮಿದುಳಿಗೂ ಹುರಿಗೂ ವಿದ್ಯುತ್ ಸಾಧನದ ಮೂಲಕ ಸಂಪರ್ಕ ಕಲ್ಪಿಸಿ ಒಬ್ಬರನ್ನು ನಡೆಸಿದ್ದು ನಿಜ. ಸಂಶೋಧನೆ ನಡೆಯಲಿ, ಅದಕ್ಕಾಗಿ ಈಗಲೇ ತೋಟ ಮಾರಬೇಕಾಗಿಲ್ಲ.

ಕೊಲ್ಲುವುದು ಯಾವುದು?

ಎರಡನೆಯ ಮಹಾಯುದ್ಧದವರೆಗೂ ಇಂಥ ಪೆಟ್ಟಾದವರಲ್ಲಿ ಹೆಚ್ಚಿನವರು ಸಾಯುತ್ತಿದ್ದುದು ಹಾಸಿಗೆ ಹುಣ್ಣು ಮತ್ತು ಮೂತ್ರದ ಸೋಂಕಿನಿಂದ. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಲುಡ್ವಿಗ್ ಗುಟ್‌ಮನ್ ಎಂಬ ವೈದ್ಯರು ರೋಗಿಗಳನ್ನು ಹಗಲೂ ರಾತ್ರಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವ ಕಟ್ಟುನಿಟ್ಟು ತಂದರು. ಬದುಕಿದವರನ್ನು ಆಟಕ್ಕೂ ಕೆಲಸಕ್ಕೂ ಹಚ್ಚಿದರು. ನಮ್ಮ ದೇಶದಲ್ಲಿ ಡಾ. ಮೇರಿ ವರ್ಗೀಸ್ 1954ರ ವಾಹನ ಅಪಘಾತದಲ್ಲಿ ಕಾಲುಗಳ ಶಕ್ತಿ ಕಳೆದುಕೊಂಡ ಮೇಲೆ ಗಾಲಿ ಕುರ್ಚಿಯಲ್ಲೇ ಕುಳಿತು ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು. ವೆಲ್ಲೂರಿನಲ್ಲಿ 1966ರಲ್ಲಿ ಆರಂಭವಾದ ಪುನರ್ವಸತಿ ಸಂಸ್ಥೆಯನ್ನು ಬೆಳೆಸಿದರು.

ಸ್ಪರ್ಶವಿಲ್ಲದ ಚರ್ಮ ನೋವನ್ನು ತಿಳಿಸುವುದಿಲ್ಲ. ಆದ್ದರಿಂದ ಮಲಗಿದಾಗ ಎರಡು ಗಂಟೆಗೊಮ್ಮೆ ಮಗ್ಗುಲು, ಕುಳಿತಾಗ ಕಾಲು ಗಂಟೆ ಅರ್ಧ ಗಂಟೆಗೊಮ್ಮೆ ಕೈಯೂರಿ ಪೃಷ್ಠ ಎತ್ತುವುದು, ದಿನಕ್ಕೆರಡು ಸಲ ಕನ್ನಡಿ ಹಿಡಿದು ಬೆನ್ನು, ಪೃಷ್ಠ, ಹಿಮ್ಮಡಿ ನೋಡುವುದು ಅತ್ಯಗತ್ಯ. ಕೆಂಪಾಗಿ ಮಾಸದೆ ಉಳಿದ ಜಾಗದ ಮೇಲೆ ಮತ್ತೆ ಭಾರ ಬೀಳಕೂಡದು. ಆ ಮನೆಯಾಕೆ ಒಮ್ಮೆ ಅಂದರು: “ಕಾಲು ಬರ್ತದೆ ಅಂತ ಎಲ್ಲರೂ ಹೇಳಿದ್ರು ಮೇಷ್ಟ್ರೇ, ಹುಣ್ಣು ಬರ್ತದೆ ಅಂತ ಯಾರೂ ಹೇಳ್ಲಿಲ್ಲ.” ಒಂದು ಹುಣ್ಣು ಮೂಳೆಯವರೆಗೆ ಇಳಿದು ಅವರ ಐದು ತಿಂಗಳನ್ನು ತಿಂದಿತು.

ಮೂತ್ರಕ್ಕೆ ಸದಾ ನಳಿಕೆ ಇಟ್ಟುಕೊಳ್ಳುವುದಕ್ಕಿಂತ, ಆಗುವವರು ನಾಲ್ಕರಿಂದ ಆರು ಗಂಟೆಗೊಮ್ಮೆ ಸೋಪಿನಲ್ಲಿ ಕೈ ತೊಳೆದು ತಾವೇ ನಳಿಕೆ ಹಾಕಿ ಬರಿದು ಮಾಡಿ ತೆಗೆಯುವುದು ಮೂತ್ರಪಿಂಡಕ್ಕೆ ಒಳ್ಳೆಯದು. ಇದನ್ನು ದಾದಿಯರಿಂದ ಕಲಿಯಬೇಕು. ಒಂದು ವಾರದಲ್ಲಿ ಕೈಗೆ ಹತ್ತುತ್ತದೆ. ಎದೆಯ ಮಟ್ಟ ಅಥವಾ ಅದಕ್ಕೂ ಮೇಲೆ ಪೆಟ್ಟಾದವರಿಗೆ ಒಮ್ಮೆಲೇ ತಲೆ ಸಿಡಿಯುವ ನೋವು, ಮುಖದಲ್ಲಿ ಬೆವರು ಕಂಡರೆ ತಕ್ಷಣ ಎತ್ತಿ ಕೂರಿಸಿ, ಮೂತ್ರ ಕಟ್ಟಿದೆಯೇ ನೋಡಿ ಬರಿದು ಮಾಡಬೇಕು. ಇಳಿಯದಿದ್ದರೆ ಆಸ್ಪತ್ರೆಗೆ ಒಯ್ಯಬೇಕು. ರಕ್ತದೊತ್ತಡ ಅಪಾಯದ ಮಟ್ಟಕ್ಕೆ ಏರಿರುತ್ತದೆ.

ಕೆಲಸಕ್ಕೆ ಮರಳುವುದು

ಇಲ್ಲಿ ಮಾತ್ರ ನನ್ನ ವಿದ್ಯೆ ಸ್ವಲ್ಪ ಉಪಯೋಗಕ್ಕೆ ಬಂತು. ಹೊಸ್ತಿಲು ತೆಗೆದು, ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಲೆಕ್ಕದಲ್ಲಿ ಇಳಿಜಾರು ಕಟ್ಟಿಸಿದೆವು. ಅಂಗಳದ ನೆರಳುಬಲೆಯ ಕೆಳಗೆ, ಗಾಲಿ ಕುರ್ಚಿಯ ಮೊಣಕಾಲು ತೂರುವಷ್ಟು ಎತ್ತರದ ಮೇಜುಗಳ ಮೇಲೆ ಕಾಳುಮೆಣಸಿನ ಬಳ್ಳಿಯ ತುಂಡುಗಳನ್ನು ಬೇರು ಬರಿಸುವ ಕೆಲಸ ಶುರುವಾಯಿತು. ಅಡಿಕೆ ಸುಲಿಯುವ ಮೆಟ್ಟುಗತ್ತಿಯನ್ನು ಕಾಲಿನಿಂದ ಮೆಟ್ಟುವ ಬದಲು ಮೇಜಿಗೆ ಬೋಲ್ಟು ಹಾಕಿ ಬಿಗಿದಿದ್ದಾರೆ. ಅಡಿಕೆ ಬೇಯಿಸುವ ಒಲೆಯ ಹತ್ತಿರ ಮಾತ್ರ ಅವರನ್ನು ಬಿಡುವುದಿಲ್ಲ. ಒಂದು ಸಲ ಹಂಡೆಯ ಕಾವಿಗೆ ಪಾದ ಬೆಂದದ್ದು ಬೊಬ್ಬೆ ಎದ್ದ ಮೇಲೆಯೇ ತಿಳಿದದ್ದು.

ತರಬೇತಿಗೆ ಬೆಂಗಳೂರಿನ ನಿಮ್ಹಾನ್ಸ್‌ನ ಪುನಶ್ಚೇತನ ವಿಭಾಗ ಮತ್ತು ವೆಲ್ಲೂರಿನ ಸಂಸ್ಥೆ ಇವೆ. ಅಂಗವಿಕಲತೆಯ ಗುರುತಿನ ಚೀಟಿಗೆ ಬೇಗನೆ ಅರ್ಜಿ ಹಾಕುವುದು ಲೇಸು. ವಿಸ್ತರಣಾ ಕಾರ್ಯಕರ್ತರು ತಮ್ಮ ಹೋಬಳಿಯಲ್ಲಿ ಹೀಗೆ ಮಲಗಿರುವವರಿದ್ದರೆ ಒಮ್ಮೆ ಮನೆಗೆ ಹೋಗಿ, ಬೆನ್ನಿನ ಕೆಳಗೆ ಹುಣ್ಣಾಗಿದೆಯೇ ಎಂದು ಕೇಳಬೇಕು. ಸಂಕೋಚದಿಂದ ಅವರಾಗಿ ಹೇಳುವುದಿಲ್ಲ.

ನಮ್ಮ ತೋಟದಲ್ಲಿ ಈಗ ಕೊಯ್ಲು, ಸಿಂಪರಣೆ ಎರಡೂ ನೆಲದಲ್ಲೇ ನಿಂತು ಉದ್ದನೆಯ ದೋಟಿಯಿಂದ ನಡೆಯುತ್ತದೆ. ಕೊನೆಗಾರರು ಬಂದು ಬದುವಿನ ಮೇಲೆ ಕುಳಿತು ಯಾವ ಕೊನೆ ಬಲಿತಿದೆ ಎಂದು ಹುಡುಗರಿಗೆ ಹೇಳುತ್ತಾರೆ, ನಡುನಡುವೆ ಕೈಯೂರಿ ಮೇಲೇಳುತ್ತಾರೆ.