ಎತ್ತರದವರಿಗೆ ಬೈಕಿನ ಬಿಸಿ ಹೆಚ್ಚು ತಾಗುವುದೇಕೆ? ಕಾದ ಎಂಜಿನ್‌ಗೆ ನೀರು ಸುರಿಯಬಹುದೇ?

ಆರಡಿ ದಾಟಿದ ಬೈಕ್ ಸವಾರರನ್ನು ಕೇಳಿ ನೋಡಿ. ಎರಡು ದೂರು ಖಂಡಿತ ಬರುತ್ತವೆ: ಮಂಡಿ ನೋವು ಮತ್ತು ಕಾಲಿಗೆ ತಾಗುವ ಬಿಸಿ. ಇದಕ್ಕೆ ಬಿಟ್ಟಿ ಸಲಹೆಗಳಿಗೂ ಬರವಿಲ್ಲ. "ಕಾಲಿಗೆ ಬಿಸಿ ಬಡಿದರೆ ಎಂಜಿನ್ ಕೆಟ್ಟಿದೆ ಎಂದೇ ಅರ್ಥ", "ಒಂದು ಬಾಟಲಿ ನೀರು ಸುರಿದರೆ ತಣ್ಣಗಾಗುತ್ತದೆ". ಇವುಗಳಲ್ಲಿ ಎಷ್ಟು ನಿಜ? ನೋಡೋಣ ಬನ್ನಿ.

ಬಿಸಿ ಎಲ್ಲಿಂದ ಬರುತ್ತದೆ?

ಪೆಟ್ರೋಲ್ ಉರಿದಾಗ ಹುಟ್ಟುವ ಶಕ್ತಿಯಲ್ಲಿ ಸುಮಾರು ಕಾಲು ಭಾಗದಿಂದ ಮೂರನೇ ಒಂದು ಭಾಗ ಮಾತ್ರ ಗಾಡಿ ಓಡಿಸಲು ಸಿಗುತ್ತದೆ. ಉಳಿದದ್ದೆಲ್ಲ ಬಿಸಿಯಾಗಿ ಹೊರಹೋಗಲೇಬೇಕು. ಗಾಳಿಯಿಂದ ತಣ್ಣಗಾಗುವ ಎಂಜಿನ್‌ಗಳ ಸುತ್ತ ಸಾಲಾಗಿ ಕಾಣುವ ಲೋಹದ ಫಿನ್‌ಗಳು ಇರುವುದು ಇದಕ್ಕಾಗಿಯೇ. ಗಾಡಿ ಓಡುವಾಗ ಎದುರುಗಾಳಿ ಈ ಬಿಸಿಯನ್ನು ಹೊತ್ತೊಯ್ಯುತ್ತದೆ. ಸಿಗ್ನಲ್‌ನಲ್ಲಿ ನಿಂತಾಗ ಆ ಗಾಳಿ ಇರುವುದಿಲ್ಲ. ಕೂಲೆಂಟ್ ಇರುವ ಬೈಕ್‌ಗಳಲ್ಲಿ ರೇಡಿಯೇಟರ್ ಫ್ಯಾನ್ ತಿರುಗಿ ಬಿಸಿಗಾಳಿಯನ್ನು ಹಿಂದಕ್ಕೆ, ಅಂದರೆ ನಿಮ್ಮ ಕಾಲಿನ ಕಡೆಗೇ ತಳ್ಳುತ್ತದೆ. ಹಾಗಾಗಿ ಬಿಸಿ ತಾಗಿದ ಮಾತ್ರಕ್ಕೆ ಎಂಜಿನ್ ಕೆಟ್ಟಿದೆ ಎನ್ನಲಾಗದು.

ಎತ್ತರದವರಿಗೇ ಏಕೆ ಹೆಚ್ಚು?

ಕಂಪನಿ ಹೇಳುವ 'ಸೀಟ್ ಹೈಟ್' ನೆಲದಿಂದ ಸೀಟಿಗಿರುವ ದೂರ. ಉದಾಹರಣೆಗೆ, ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350ರಲ್ಲಿ ಇದು 805 ಮಿ.ಮೀ. ಕಾಲು ನೆಲಕ್ಕೆ ಎಟುಕುತ್ತದೆಯೇ ಎಂಬುದನ್ನಷ್ಟೇ ಈ ಅಂಕಿ ತಿಳಿಸುತ್ತದೆ. ಎತ್ತರದವರಿಗೆ ಮುಖ್ಯವಾದದ್ದು ಸೀಟಿನಿಂದ ಫುಟ್‌ರೆಸ್ಟ್‌ಗೆ ಇರುವ ದೂರ. ಅದು ಕಡಿಮೆಯಾದಷ್ಟೂ ಮಂಡಿ ಹೆಚ್ಚು ಮಡಚುತ್ತದೆ, ನೋವು ಶುರುವಾಗುತ್ತದೆ. ಉದ್ದ ಕಾಲು ಟ್ಯಾಂಕಿನ ತಗ್ಗಿನಲ್ಲಿ ಸರಿಯಾಗಿ ಕೂರದೆ ಮುಂದಕ್ಕೆ ಚಾಚಿಕೊಂಡು ಎಂಜಿನ್‌ಗೆ ಹತ್ತಿರವಾಗುತ್ತದೆ. ಅಂದರೆ ನೋವು, ಬಿಸಿ ಎರಡಕ್ಕೂ ಅಳತೆ ಹೊಂದದಿರುವುದೇ ಕಾರಣವಾಗಿರಬಹುದು.

ನೀರು ಸುರಿಯಬಹುದೇ?

ಬೇಡ. ಕಾದ ಲೋಹಕ್ಕೆ ಒಮ್ಮೆಲೇ ತಣ್ಣೀರು ಬಿದ್ದರೆ ಒಂದು ಭಾಗ ಬೇಗ ಕುಗ್ಗುತ್ತದೆ, ಪಕ್ಕದ ಭಾಗ ಕುಗ್ಗುವುದಿಲ್ಲ. ಪ್ರತಿ ಸಲವೂ ಬಿರುಕು ಬಿಡುತ್ತದೆ ಎಂದಲ್ಲ, ಆದರೆ ಆ ಅಪಾಯವಿದೆ. ಅದಕ್ಕಿಂತ ಮೊದಲು, ಚಿಮ್ಮುವ ಬಿಸಿ ಹಬೆ ನಿಮ್ಮ ಕಾಲನ್ನೇ ಸುಡಬಹುದು. ಎಂಜಿನ್ ಆಫ್ ಮಾಡಿ ನೆರಳಲ್ಲಿ ನಿಲ್ಲಿಸಿದರೆ ಸಾಕು. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆರೆಯಲೇಬೇಡಿ. ಬಿಸಿ ತಡೆಯಲೆಂದು ಎಂಜಿನ್ ಸುತ್ತ ಬಟ್ಟೆ ತುರುಕುವುದೂ ತಪ್ಪು. ಗಾಳಿಗೆ ಅಡ್ಡಿಯಾಗುತ್ತದೆ, ಬೆಂಕಿಯ ಭಯವೂ ಇದೆ.

ಹಾಗಾದರೆ ಏನು ಮಾಡಬೇಕು?

* ಕೊಳ್ಳುವ ಮುನ್ನ ಅರ್ಧ ಗಂಟೆಯಾದರೂ ಟ್ರಾಫಿಕ್‌ನಲ್ಲಿ ಓಡಿಸಿ ನೋಡಿ.
* ಈಗಿರುವ ಬೈಕಿಗೆ ಸೀಟಿನ ಕುಶನ್ ಎರಡು-ಮೂರು ಸೆಂ.ಮೀ. ಎತ್ತರಿಸಿದರೂ ಮಂಡಿಗೆ ಆರಾಮ ಸಿಗುತ್ತದೆ.
* ದಪ್ಪ ಬಟ್ಟೆಯ ಉದ್ದ ಪ್ಯಾಂಟ್, ಪಾದದ ಗಂಟು ಮುಚ್ಚುವ ಶೂ ಹಾಕಿ.
* ಉದ್ದನೆಯ ಸಿಗ್ನಲ್‌ನಲ್ಲಿ ಎಂಜಿನ್ ಆಫ್ ಮಾಡಿ.
* ಎಂಜಿನ್ ಆಯಿಲ್ ಮತ್ತು ಕೂಲೆಂಟ್ ಮಟ್ಟ ನೋಡಿಕೊಳ್ಳಿ. ಮ್ಯಾನುಯಲ್‌ನಲ್ಲಿ ಹೇಳಿದ ಗ್ರೇಡ್ ಆಯಿಲ್ ಅನ್ನೇ ಹಾಕಿ.

ಟೆಂಪರೇಚರ್ ಲೈಟ್ ಹತ್ತಿದರೆ, ಪಿಕಪ್ ಕುಗ್ಗಿದರೆ, ಕೂಲೆಂಟ್ ಸೋರಿದರೆ ಅದು ಬೇರೆ ಮಾತು. ಗಾಡಿ ನಿಲ್ಲಿಸಿ ಮೆಕ್ಯಾನಿಕ್‌ಗೆ ತೋರಿಸಿ.

ಸೈಲೆನ್ಸರ್ ತಾಗಿ ಸುಟ್ಟರೆ?

60 ಡಿಗ್ರಿ ಸೆಲ್ಸಿಯಸ್ ಬಿಸಿ ಕೆಲವೇ ಸೆಕೆಂಡುಗಳಲ್ಲಿ ಚರ್ಮವನ್ನು ಆಳವಾಗಿ ಸುಡಬಲ್ಲದು. ಓಡಿ ಬಂದ ಬೈಕಿನ ಸೈಲೆನ್ಸರ್ ಪೈಪ್ ಇದಕ್ಕಿಂತ ಬಹಳ ಹೆಚ್ಚು ಕಾದಿರುತ್ತದೆ. ಸುಟ್ಟ ಜಾಗವನ್ನು ತಕ್ಷಣ ಹರಿಯುವ ನಲ್ಲಿ ನೀರಿನಡಿ 20 ನಿಮಿಷ ಹಿಡಿಯಿರಿ. ಟೂತ್‌ಪೇಸ್ಟ್, ಇಂಕು, ಅರಿಶಿನ, ಐಸ್ ಯಾವುದೂ ಬೇಡ. ಗುಳ್ಳೆ ಎದ್ದರೆ ಒಡೆಯದೆ ವೈದ್ಯರಿಗೆ ತೋರಿಸಿ.

ನೀರು ಬೇಕಿರುವುದು ಸುಟ್ಟ ಕಾಲಿಗೆ, ಕಾದ ಎಂಜಿನ್‌ಗಲ್ಲ. ನಿಮ್ಮ ಬೈಕ್ ಗ್ರೂಪಿಗೆ ಕಳಿಸುವುದಿದ್ದರೆ ಈ ಮಾತನ್ನು ಕಳಿಸಿ.