ಹೆಂಚಿನ ಮೇಲಿನ ಹೆಸರು, ಚೀಲದ ಮೇಲಿನ ಹೆಸರು

ಹುಳಿಯಾರು ಸೀಮೆಯ ಹಳೆಯ ಹೆಂಚಿನ ಮನೆಗಳ ಅಟ್ಟದಲ್ಲಿ ತೆಂಗಿನಕಾಯಿ ತಿಂಗಳುಗಟ್ಟಲೆ ಒಣಗಿ ಉಂಡೆ ಕೊಬ್ಬರಿಯಾಗುತ್ತದೆ. ನಾಡೆಲ್ಲ ಮಂಗಳೂರು ಹೆಂಚೆಂದು ಕರೆಯುವ ಆ ಹೊದಿಕೆಯ ಮೂಲ ಒಂದು ಕ್ರೈಸ್ತ ಸಂಸ್ಥೆಯ ಉದ್ಯಮದಲ್ಲಿದೆ. ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಅವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಮತಾಂತರದಿಂದ ಕುಲಕಸುಬು ಕಳೆದುಕೊಂಡವರಿಗೆ ಉದ್ಯೋಗ ಒದಗಿಸುವುದು ಮಿಷನ್ನಿನ ಉದ್ಯಮಗಳ ಉದ್ದೇಶವಾಗಿತ್ತು. ಲಾಭವೂ ಮಿಷನ್ ಕಾರ್ಯಕ್ಕೆ ನೆರವಾಗುತ್ತಿತ್ತು.

ಕೊಂಡವರಿಗೆ ದೊರೆತದ್ದೇನು? ಒಂದರೊಳಗೊಂದು ಸಿಕ್ಕಿ ಕೂರುವ ಹೆಂಚಾದುದರಿಂದ ಒಡೆದುದನ್ನಷ್ಟೇ ಜಾರಿಸಿ ತೆಗೆದು ಬೇರೆಯದನ್ನು ಹೊದಿಸಬಹುದು. ಇಡೀ ಮಾಡು ಬಿಚ್ಚಬೇಕಿಲ್ಲ. ಅಚ್ಚಿನಲ್ಲೇ ತಯಾರಕರ ಹೆಸರು ಮೂಡುತ್ತಿತ್ತು. ಸೋರಿದರೆ ಯಾರನ್ನು ಕೇಳಬೇಕೆಂಬುದು ಸೂರಿನಲ್ಲೇ ಬರೆದಿತ್ತೆನ್ನಬೇಕು. ಹಾಗೆ ಹೆಸರೊತ್ತಿದವರಿಗೆ ಕಳಪೆ ಸರಕನ್ನು ಸಾಗಹಾಕುವುದು ಸುಲಭವಲ್ಲ.

ಕೊಬ್ಬರಿ ವ್ಯಾಪಾರದಲ್ಲಿ ಈ ಮಾತು ಇನ್ನೂ ಹತ್ತಿರದ್ದು. ಬೆಂಬಲ ಬೆಲೆಯ ಖರೀದಿಯಲ್ಲಿ ಉಂಡೆ ಕೊಬ್ಬರಿಯ ತೇವಾಂಶ ಶೇ. 7ನ್ನು ಮೀರಬಾರದೆಂಬ ನಿಯಮವಿದೆ. ಹಸಿಯುಂಡೆ ಬೆರೆಸಿ ಕಳುಹಿಸಿದರೆ ಬೂಷ್ಟು ಹಿಡಿಯುವುದು ದೂರದೂರಿನ ಗೋದಾಮಿನಲ್ಲಿ, ನಷ್ಟ ಕೊಂಡವರದು. ತೂಕಕ್ಕೆ ಮೊದಲೇ ಒಂದೆರಡು ಉಂಡೆ ಒಡೆದು ತೋರಿಸಿ, ಚೀಲದ ಮೇಲೆ ಅಂಗಡಿಯ ಹೆಸರು ಬರೆದು, ಕೆಟ್ಟುದನ್ನು ಮರಳಿ ಪಡೆಯುವ ವರ್ತಕರಿಗೆ ಆ ವರ್ಷದ ಲಾಭ ತುಸು ತಗ್ಗೀತು. ಉತ್ತರ ಭಾರತದ ಖರೀದಿದಾರರು ಮರುವರ್ಷ ಮೊದಲು ದೂರವಾಣಿ ಮಾಡುವುದು ಮಾತ್ರ ಚೀಲದ ಮೇಲಿನ ಆ ಹೆಸರಿಗೇ.