ಗ್ಲೆನ್‌ಕೊಲಮ್‌ಕಿಲ್: ಬರಿದಾಗಲು ಒಪ್ಪದ ಒಂದು ಕಡಲೂರು

ಹಳ್ಳಿಯೊಂದು ಬರಿದಾಗುವುದು ಒಂದೇ ದಿನದಲ್ಲಲ್ಲ. ಮೊದಲು ತರುಣರು ಹೊರಡುತ್ತಾರೆ; ಬಳಿಕ ಶಾಲೆಯ ಹಾಜರಿ ಪುಸ್ತಕದಲ್ಲಿ ಹೆಸರುಗಳು ಕಡಿಮೆಯಾಗುತ್ತವೆ; ಕೊನೆಗೆ ವೃದ್ಧರಷ್ಟೇ ಉಳಿದ ಮನೆಗಳ ಕದಗಳು ಒಂದೊಂದಾಗಿ ಮುಚ್ಚುತ್ತವೆ. ಇಂತಹ ಅವಸಾನದ ಅಂಚಿಗೆ ಬಂದು, ತನ್ನ ಬಲದಿಂದಲೇ ಚೇತರಿಸಿಕೊಂಡ ಐರ್ಲೆಂಡಿನ ಒಂದು ಪುಟ್ಟ ಗ್ರಾಮದ ಪರಿಚಯ ಮಾಡಿಕೊಡುವುದು ಈ ಲೇಖನದ ಉದ್ದೇಶ.

ಆ ದೇಶದ ವಾಯವ್ಯದಲ್ಲಿರುವ ಡೊನೆಗಾಲ್ ಜಿಲ್ಲೆಯ ಪಶ್ಚಿಮದಂಚಿನಲ್ಲಿ, ಅಟ್ಲಾಂಟಿಕ್ ಸಾಗರಕ್ಕೆ ಮುಖಮಾಡಿದ ಕಣಿವೆಯಲ್ಲಿ ಗ್ಲೆನ್‌ಕೊಲಮ್‌ಕಿಲ್ ನೆಲೆಸಿದೆ. ಮೀನುಗಾರಿಕೆಗೆ ಹೆಸರಾದ ಕಿಲಿಬೆಗ್ಸ್ ಬಂದರಿನಿಂದ ಜೌಗುನೆಲದ ಗುಡ್ಡಗಳನ್ನು ದಾಟಿ ಸುಮಾರು 25 ಕಿಲೋಮೀಟರು ಸಾಗಿದರೆ ಈ ಊರು ದೊರೆಯುತ್ತದೆ. 'ಕೊಲಮ್ ಕಿಲೆಯ ಕಣಿವೆ' ಎಂಬುದೇ ಹೆಸರಿನ ಅರ್ಥ. 6ನೆಯ ಶತಮಾನದಲ್ಲಿ ಡೊನೆಗಾಲಿನಲ್ಲಿ ಜನಿಸಿ, 563ರಲ್ಲಿ ಸ್ಕಾಟ್ಲೆಂಡಿನ ಅಯೋನಾ ದ್ವೀಪಕ್ಕೆ ತೆರಳಿ ಮಠವನ್ನು ಸ್ಥಾಪಿಸಿದ ಸಂತ ಕೊಲಂಬನೇ ಆ ಕೊಲಮ್ ಕಿಲೆ. ಆತನು ದಿವಂಗತನಾದ ಜೂನ್ 9ರಂದು ಇಂದಿಗೂ ಭಕ್ತರು ಕಣಿವೆಯಲ್ಲಿ ಯಾತ್ರೆ ಕೈಗೊಳ್ಳುತ್ತಾರೆ. ಶಿಲುಬೆ ಕೆತ್ತಿದ ಪ್ರಾಚೀನ ಶಿಲೆಗಳೂ ಕಲ್ಲುಗುಪ್ಪೆಗಳೂ ಸೇರಿದ 15 ಪುಣ್ಯಸ್ಥಾನಗಳನ್ನು ಬರಿಗಾಲಿನಲ್ಲಿ ಸುತ್ತುವುದು ಸಂಪ್ರದಾಯ. ಸಂತನಿಗಿಂತ ಸಾವಿರಾರು ವರ್ಷ ಹಿಂದಿನ ಶಿಲಾಸಮಾಧಿಗಳೂ ಈ ಪರಿಸರದಲ್ಲಿವೆ. ಇಲ್ಲಿನ ಮಾನವವಾಸ ಅಷ್ಟು ಪುರಾತನವಾದುದು.

ಆದರೆ ಪುರಾತನತೆ ಹೊಟ್ಟೆ ತುಂಬಿಸದು. ಗಾಳಿಗೊಡ್ಡಿದ ತುಂಡು ಹೊಲಗಳು, ಆಲೂಗಡ್ಡೆ, ಕೆಲವು ಕುರಿಗಳು, ಕಡಲ ಮೀನು, ಮನೆಯಲ್ಲೇ ನೇಯ್ದ ಉಣ್ಣೆಬಟ್ಟೆ ಇವೇ ಜೀವನಾಧಾರ. ಜೌಗುನೆಲದಿಂದ ಕಡಿದು ಒಣಗಿಸಿದ ಪೀಟ್ ಹೆಂಟೆಗಳೇ ಒಲೆಗೆ ಉರುವಲು. 1845ರಿಂದ ಆಲೂಗಡ್ಡೆಗೆ ತಗಲಿದ ರೋಗದಿಂದ ಉಂಟಾದ ಮಹಾಕ್ಷಾಮದಲ್ಲಿ ಐರ್ಲೆಂಡಿನ ಸುಮಾರು 10 ಲಕ್ಷ ಜನ ಮಡಿದರು. ಹೆಚ್ಚುಕಡಿಮೆ ಅಷ್ಟೇ ಮಂದಿ ದೇಶ ತೊರೆದರು. ಆ ಬಳಿಕವೂ ವಲಸೆ ನಿಲ್ಲಲಿಲ್ಲ. ಡೊನೆಗಾಲಿನ ಯುವಕ ಯುವತಿಯರು ಸ್ಕಾಟ್ಲೆಂಡಿನ ಹೊಲಗಳಿಗೆ ಆಲೂಗಡ್ಡೆ ಕೀಳಲು ಹೋಗುವುದು ವಾಡಿಕೆಯಾಯಿತು. ಹೋದವರಲ್ಲಿ ಅನೇಕರು ಮರಳಲಿಲ್ಲ.

1951ರಲ್ಲಿ ಜೇಮ್ಸ್ ಮ್ಯಾಕ್‌ಡೈಯರ್ ಎಂಬ ಪಾದ್ರಿಗಳು ಇಲ್ಲಿಗೆ ಬಂದಾಗ ಊರಿಗೆ ವಿದ್ಯುತ್ತಾಗಲಿ, ಕೊಳಾಯಿ ನೀರಾಗಲಿ, ಒಳ್ಳೆಯ ರಸ್ತೆಯಾಗಲಿ, ಕೈಗಾರಿಕೆಯಾಗಲಿ ಇರಲಿಲ್ಲ. ಇದೇ ಜಿಲ್ಲೆಯಲ್ಲಿ 1910ರಲ್ಲಿ ಜನಿಸಿದ ಅವರಿಗೆ ಈ ಬಡತನ ಅಪರಿಚಿತವಾಗಿರಲಿಲ್ಲ. ಊರು ಬಿಡುವ ಮಕ್ಕಳನ್ನು ಹರಸಿ ಕಳುಹಿಸುವುದಷ್ಟೇ ತಮ್ಮ ಕರ್ತವ್ಯವೆಂದು ಅವರು ಭಾವಿಸಲಿಲ್ಲ. ಜನರ ಶ್ರಮದಾನದಿಂದ ಸಮುದಾಯ ಭವನವನ್ನು ಕಟ್ಟಿಸಿದರು. ಸರ್ಕಾರದ ಬಾಗಿಲನ್ನು ಬಿಡದೆ ತಟ್ಟಿದರು. ತರಕಾರಿ ಸಂಸ್ಕರಣೆ, ಹೆಣಿಗೆ, ನೇಯ್ಗೆಗಳಿಗೆ ಸಹಕಾರಿ ವ್ಯವಸ್ಥೆಯನ್ನು ರೂಪಿಸಿದರು. 1967ರಲ್ಲಿ ಆರಂಭವಾದ ಜಾನಪದ ಗ್ರಾಮ ಅವರ ಕಲ್ಪನೆಯ ಕೂಸು. ಮೂರು ಶತಮಾನಗಳ ಬದುಕನ್ನು ತೋರಿಸುವ ಹುಲ್ಲುಚಾವಣಿಯ ಮನೆಗಳನ್ನು ಊರವರೇ ಕಟ್ಟಿದರು. ಹಿರಿಯರ ಬಡತನದ ಪರಿಕರಗಳೇ ಮೊಮ್ಮಕ್ಕಳಿಗೆ ಹೆಮ್ಮೆಯೂ ಆದಾಯವೂ ಆದವು.

ಎಲ್ಲ ಪ್ರಯತ್ನಗಳೂ ಫಲಿಸಿದವೆಂದು ಹೇಳಿದರೆ ಉತ್ಪ್ರೇಕ್ಷೆಯಾದೀತು. ತರಕಾರಿ ಉದ್ಯಮ ಬಹುಕಾಲ ಬಾಳಲಿಲ್ಲ. ವಲಸೆಯೂ ಪೂರ್ಣವಾಗಿ ನಿಲ್ಲಲಿಲ್ಲ. ಪಾದ್ರಿಗಳು 1987ರಲ್ಲಿ ತೀರಿಕೊಂಡರು. ಆದರೂ ಅವರು ಬಿತ್ತಿದ ಆತ್ಮವಿಶ್ವಾಸ ಉಳಿಯಿತು. 1984ರಲ್ಲಿ ಇಲ್ಲಿ ಸ್ಥಾಪಿತವಾದ 'ಇಡ್ಯಾಸ್ ಗೇಲ್' ಸಂಸ್ಥೆ ವಯಸ್ಕರಿಗೆ ಐರಿಷ್ ಭಾಷೆಯನ್ನು ಕಲಿಸುತ್ತಿದೆ. ನಿತ್ಯವ್ಯವಹಾರದಲ್ಲಿ ಇಂಗ್ಲಿಷು ಆವರಿಸಿಕೊಂಡಿರುವ ಸೀಮೆಯಲ್ಲಿ ಹಿರಿಯರ ನುಡಿಯನ್ನು ಕಲಿಯಲು ದೇಶವಿದೇಶಗಳಿಂದ ಜನ ಬರುತ್ತಾರೆ. ಒಮ್ಮೆ ಮಕ್ಕಳನ್ನು ಹೊರಗೆ ಕಳುಹಿಸುತ್ತಿದ್ದ ಊರು ಇಂದು ವಿದ್ಯಾರ್ಥಿಗಳನ್ನು ಬರಮಾಡಿಕೊಳ್ಳುತ್ತಿದೆ.

ಸಂಪತ್ತಿಲ್ಲದ ಊರಿಗೂ ಕೊಡುವ ಕೈಗಳಿರುತ್ತವೆ. ಅವನ್ನು ಒಂದುಗೂಡಿಸುವವರು ಬೇಕು. ಸಾಗರದಾಚೆಯ ಈ ಪುಟ್ಟ ಗ್ರಾಮದ ಚರಿತ್ರೆ ನಮಗೆ ತಿಳಿಸುವ ಮಾತು ಇದೇ.